ಸುಶಿ ಹೋಟೆಲಿಗೆ ಕಾವಲು ಹೋದ ವಿಮಲಮ್ಮ

ಮಾರೇನಹಳ್ಳಿಯ ವಿಮಲಮ್ಮ ರಾಜಾಜಿನಗರದ ಆ ಜಪಾನಿ ಹೋಟೆಲಿಗೆ ಹೋದದ್ದು ಊಟಕ್ಕಲ್ಲ, ಮಗಳು ಕೀರ್ತನಾಳ ಕಾವಲಿಗೆ. ಇಪ್ಪತ್ತಮೂರು ತುಂಬಿದ ಹುಡುಗಿಗೆ ಎಂಥ ಕಾವಲು ಅನ್ನಬೇಡಿ. ಆ ಹುಡುಗಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ರವೆ, ಯಾವುದರ ಒಂದು ಚಿಟಿಕೆ ಒಳಗೆ ಹೋದರೂ ಕರುಳು ಕೆಡುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಅದು ಗೊತ್ತಾಗಿ, ಅವಳು ಗೋಧಿ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಹೊಟ್ಟೆನೋವು ಅವಳನ್ನು ಬಿಟ್ಟಿರಲಿಲ್ಲ. ಮುಖದಲ್ಲಿ ರಕ್ತವಿಲ್ಲ, ಹೊಸದಾಗಿ ಸೇರಿದ ಕೆಲಸಕ್ಕೆ ವಾರಕ್ಕೆರಡು ರಜೆ. ಹೋದ ತಿಂಗಳು ರಿಪೋರ್ಟ್ ನೋಡಿದ ಡಾಕ್ಟರು, "ಎಲ್ಲಿಂದಲೋ ಗೋಧಿ ಸೇರ್ತಾ ಇದೆ, ಹುಡುಕಿ. ಹೀಗೇ ಆದ್ರೆ ಕರುಳು ವಾಸಿ ಆಗಲ್ಲ" ಅಂದಿದ್ದರು.

ಹುಡುಕುವುದೇನು ಬಂತು? ವಿಮಲಮ್ಮನಿಗೆ ಅಲ್ಲೇ ಕುರ್ಚಿಯಲ್ಲೇ ಉತ್ತರ ಸಿಕ್ಕಿತ್ತು. "ಹೊರಗಡೆ ತಿಂತೀಯಲ್ಲ, ಅದೇ!" ಅವತ್ತಿನಿಂದ ಮಗಳಿಗೆ ಹೊರಗಿನ ಊಟ ಬಂದ್. ಆಫೀಸಿನ ಕಾಫಿಯ ಮೇಲೂ ಅನುಮಾನ. ಕೀರ್ತನಾ ಎದುರು ಮಾತಾಡಲಿಲ್ಲ. ಹುಟ್ಟಿದಹಬ್ಬ ಬಂದಾಗ ಮಾತ್ರ ಬಾಯಿ ಬಿಟ್ಟಳು.

"ಅಮ್ಮ, ಸುಶಿ ಅಂತ, ಅನ್ನದಲ್ಲೇ ಮಾಡೋದು. ಈ ಒಂದ್ ಸಲ ಕಣಮ್ಮ. ಫೋನ್ ಮಾಡಿ ಎಲ್ಲಾ ಕೇಳಿದೀನಿ."

"ಸರಿ, ನಾನೂ ಬರ್ತೀನಿ. ಎದುರಿಗೇ ನಿಂತ್ಕೊಂಡು ನೋಡ್ತೀನಿ."

ಭಾನುವಾರ ಹನ್ನೆರಡಕ್ಕೆ ಆಟೊ ಇಳಿದರು. ಗಾಜಿನ ಕಟ್ಟೆಯ ಹಿಂದೆ ಜಪಾನಿನವನೊಬ್ಬ ನಿಂತಿರುತ್ತಾನೆ, ಅವನ ಹತ್ತಿರ ಕೈಸನ್ನೆಯಲ್ಲೇ ಜಗಳವಾಡಬೇಕು ಅಂತ ವಿಮಲಮ್ಮ ಸೆರಗು ಬಿಗಿದು ತಯಾರಾಗಿ ಬಂದಿದ್ದಳು. ನೋಡಿದರೆ ಕರಿ ಟೋಪಿ ಹಾಕಿಕೊಂಡು ನಿಂತಿದ್ದವನು ಉತ್ತರ ಕರ್ನಾಟಕದ ಶಿರಹಟ್ಟಿ ಕಡೆಯ ಹುಡುಗ, ಫಕೀರೇಶ!

"ಬರ್ರಿ ಅಮ್ಮಾರ. ಫೋನ್ ಮಾಡಿದ್ದ ಅಕ್ಕಾರು ಇವ್ರ ಏನ್ರಿ? ಗದ್ದಲ ಆಗೂದ್ರೊಳಗ ಬರ್ರಿ ಅಂತ ನಾನ ಹೇಳಿದ್ದೆ."

ಕನ್ನಡ ಕೇಳಿ ಜೀವ ತಣ್ಣಗಾದರೂ ವಿಮಲಮ್ಮ ಬಿಡುವವಳಲ್ಲ. "ಆ ಕರೀ ಸಾಸಲ್ಲಿ ಏನಿದೆಯಪ್ಪಾ?"

"ಸೋಯಾ ಸಾಸ್‌ರಿ. ಅದರಾಗ ಗೋಧಿ ಇರತೈತಿ, ಇವ್ರಿಗೆ ಕೊಡೂದಿಲ್ಲ. ಗೋಧಿ ಇಲ್ಲದ್ದು ಬ್ಯಾರೆ ಬಾಟ್ಲಿ ಐತಿ, ನೋಡ್ರಿ, ಇನ್ನಾ ಸೀಲ್ ಒಡದಿಲ್ಲ. ಈ ಏಡಿ ತುಂಡೂ ಬ್ಯಾಡ್ರಿ. ಏಡಿ ಅಂತ ಹೆಸರಷ್ಟ, ಒಳಗ ಗೋಧಿ ಹಾಕಿರ್ತಾರ. ಕರದಿದ್ದಂತೂ ಬ್ಯಾಡೇ ಬ್ಯಾಡ. ಅನ್ನಕ್ಕ ಕಲಸೂ ವಿನೆಗರ್ ಅಕ್ಕೀದು, ಬೇಕಾದ್ರ ಓದ್ರಿ."

ವಿಮಲಮ್ಮ ಕನ್ನಡಕ ಹಾಕಿಕೊಂಡು ಓದಿಯೇ ಓದಿದಳು. ಅಷ್ಟರಲ್ಲಿ ಅವನು ಎದುರಿಗಿದ್ದ ಹಲಗೆ, ಚಾಕು, ಸುಶಿ ಸುತ್ತುವ ಬಿದಿರಿನ ಚಾಪೆ ಎಲ್ಲವನ್ನೂ ಪಕ್ಕಕ್ಕೆ ಸರಿಸಿ, ಮುಚ್ಚಿಟ್ಟಿದ್ದ ಡಬ್ಬಿಯಿಂದ ಬೇರೆ ಸೆಟ್ಟನ್ನೇ ತೆಗೆದ. ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಂಡ.

ಹುಡುಗನನ್ನು ಪರೀಕ್ಷೆ ಮಾಡೋಣ ಅನ್ನಿಸಿತು ಅವಳಿಗೆ. "ಅಲ್ಲಪ್ಪಾ, ಆ ಹಲಗೇನೇ ಚೆನ್ನಾಗಿ ತೊಳೆದ್ರೆ ಸಾಲದಾ?"

"ಸಾಲೂದಿಲ್ರಿ. ಮರದ ಸಂದ್ಯಾಗ ಹಿಟ್ಟು ಕುಂತಿರತೈತಿ. ಮನೀ ಕಬ್ಬಿಣದ ತವಾನೂ ಹಂಗ ನೋಡ್ರಿ. ಚಪಾತಿ ಮಾಡಿದ ತವಾದಾಗ ಇವ್ರಿಗೆ ರೊಟ್ಟಿ ಮಾಡಿದ್ರ, ಗೋಧಿ ತಿನಿಸಿದ್ಹಂಗ ಆತು."

ವಿಮಲಮ್ಮನಿಗೆ ತನ್ನ ಮನೆಯ ತವಾ ನೆನಪಾಯಿತು.

ಗಂಡ ಮುನಿರಾಜುಗೆ ಸಕ್ಕರೆ ಕಾಯಿಲೆ, ದಿನಾ ರಾತ್ರಿ ಚಪಾತಿ ಆಗಲೇಬೇಕು. ಅವರದು ಮುಗಿದ ಮೇಲೆ ಅದೇ ತವಾ ಬಟ್ಟೆಯಲ್ಲಿ ಒರೆಸಿ ಮಗಳಿಗೆ ಅಕ್ಕಿ ರೊಟ್ಟಿ. ಎರಡು ವರ್ಷ! ಅವಳೇನು ಬೇರೆ ಪಾತ್ರೆ ಅಂದರೆ ಗೊತ್ತಿಲ್ಲದ ಹೆಂಗಸೇ? ಮಾಂಸ ಬೇಯಿಸುವ ಬಾಡಿನ ಪಾತ್ರೆಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮಹಡಿಯ ಮೇಲಿನ ಟ್ಯಾಂಕಿನ ಕೆಳಗೆ ಇಟ್ಟವಳು. ಹೋದ ಶ್ರಾವಣ ಶನಿವಾರ ಬಾಡಿನ ಸೌಟು ಸಾರಿಗೆ ತಗುಲಿತೆಂದು ಇಡೀ ಪಾತ್ರೆ ಸಾರನ್ನು ಮೋರಿಗೆ ಸುರಿದು, ತಲೆಗೆ ನೀರು ಹಾಕಿಕೊಂಡು ಮತ್ತೆ ಅಡುಗೆ ಮಾಡಿದವಳು. ದೇವರಿಗೆ ಬೇರೆ ಸೌಟು ಇಟ್ಟವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಬೇರೆ ತವಾ ಇಟ್ಟಿರಲಿಲ್ಲ.

"ಕೀರ್ತೂ, ನಿಂಗೆ ಗೊತ್ತಿತ್ತೇನೇ?"

ಕೀರ್ತನಾ ತಲೆ ತಗ್ಗಿಸಿದಳು. "ಎರಡ್ ಸಲ ಹೇಳ್ದೆ ಅಮ್ಮ. ನೀನೇ 'ಒರೆಸಿದೀನಲ್ಲ, ಇನ್ನೇನು' ಅಂದೆ. ಇಬ್ರಿಗೂ ಬೇರೆ ಬೇರೆ ಮಾಡಿ ನಿಂಗೂ ಸಾಕಾಗಿರ್ತಿತ್ತು. ಮತ್ತೆ ಹೇಳೋಕೆ ಮನಸ್ಸಾಗ್ಲಿಲ್ಲ."

ಅಷ್ಟೇ. ವಿಮಲಮ್ಮ ಆ ಗಾಜಿನ ಕಟ್ಟೆಯ ಮುಂದೆಯೇ ಗೊಳೋ ಎಂದು ಅತ್ತುಬಿಟ್ಟಳು. ಫಕೀರೇಶ ಗಾಬರಿಯಾಗಿ, "ಯಾಕ್ರಿ ಅಮ್ಮಾರ? ಇನ್ನಾ ಏನೂ ಕೊಟ್ಟೇ ಇಲ್ಲಲ್ರಿ!" ಎಂದು ನೀರಿನ ಲೋಟ ಮುಂದಿಟ್ಟ. ಅವಳು ನೀರು ಬಿಟ್ಟು ಅವನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಹೆತ್ತ ತಾಯಿ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಡಾಕ್ಟ್ರು ಹುಡುಕಿ ಅಂದಿದ್ರು. ನೀನು ಹುಡುಕಿಕೊಟ್ಟೆ."

ಅವನಿಗೆ ಏನೂ ಅರ್ಥವಾಗಲಿಲ್ಲ. ಸುಮ್ಮನೆ ನಕ್ಕ. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು, ಆ ಗ್ಲೌಸ್ ಕಳಚಿ ಬುಟ್ಟಿಗೆ ಹಾಕಿ, ಮತ್ತೊಮ್ಮೆ ಕೈ ತೊಳೆದು ಹೊಸದನ್ನು ಹಾಕಿಕೊಂಡ. "ತಪ್ಪು ತಿಳೀಬ್ಯಾಡ್ರಿ ಅಮ್ಮಾರ" ಅಂದ. ಅಯ್ಯೋ, ತಪ್ಪು ತಿಳಿಯುವುದೇ? ಅವಳಿಗೆ ಕೈ ಮುಗಿಯಬೇಕು ಅನ್ನಿಸಿತು. ಕಟ್ಟೆಯ ಪಕ್ಕದಿಂದ ಸರಿದು ಹೋಗಿ ಮೇಜಿನ ಮುಂದೆ ಕೂತಳು, ಕಾವಲು ಅಲ್ಲಿಗೆ ಮುಗಿಯಿತು.

ಕೀರ್ತನಾ ಒಂದೊಂದೇ ತುಂಡು ಕಣ್ಣು ಮುಚ್ಚಿಕೊಂಡು ತಿಂದಳು. ವಿಮಲಮ್ಮ ಸೌತೆಕಾಯಿಯದೊಂದನ್ನು ಬಾಯಿಗೆ ಹಾಕಿಕೊಂಡು, "ಉಪ್ಪಿಲ್ಲ, ಖಾರ ಇಲ್ಲ, ಇದಕ್ಕಾ ಇಷ್ಟು ಆಸೆಪಟ್ಟೆ?" ಅಂದಳು. ಅನ್ನುತ್ತಲೇ ಇನ್ನೊಂದು ತೆಗೆದುಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ವಿಜಯನಗರದಲ್ಲಿ ಆಟೊ ನಿಲ್ಲಿಸಿ ಹೊಸ ತವಾ, ಹೊಸ ಲಟ್ಟಣಿಗೆ, ಹೊಸ ಮಣೆ ಕೊಂಡಳು.

ನಾಲ್ಕು ತಿಂಗಳಿಗೆ ರಿಪೋರ್ಟ್ ಬಂತು. ಡಾಕ್ಟರು ನಕ್ಕರು. ಕೀರ್ತನಾಳ ಕೆನ್ನೆಗೆ ಬಣ್ಣ ಬಂದಿತ್ತು, ಎರಡು ತಿಂಗಳಿಂದ ಒಂದು ರಜೆಯನ್ನೂ ಹಾಕಿರಲಿಲ್ಲ.

ಮಾರನೆಯ ದಿನವೇ ವಿಮಲಮ್ಮ ಡಬ್ಬಿ ತುಂಬ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ರಾಜಾಜಿನಗರಕ್ಕೆ ಹೋದಳು. ಹೋಟೆಲಿನ್ನೂ ತೆರೆದಿರಲಿಲ್ಲ. ಫಕೀರೇಶ ಹೊರಗೆ ಬಂದು, ಅವಳ ಬಾಯಿಂದ ಮನೆಯ ತವಾದ ಕಥೆಯೆಲ್ಲ ಕೇಳಿ, ಡಬ್ಬಿ ಬಿಚ್ಚಿದ, ವಾಸನೆ ನೋಡಿದ, ಒಂದು ತುಂಡು ಮುರಿದ. ಬಾಯಿಗೆ ಹಾಕುವ ಮುನ್ನ ತಮಾಷೆಗೆ ಹುಬ್ಬೇರಿಸಿ ಕೇಳಿದ: "ಯಾವ ತವಾದಾಗ ಮಾಡೀರಿ ಅಮ್ಮಾರ?"

"ನನ್ನ ಮಗಳ ತವಾದಲ್ಲಿ ಕಣಪ್ಪ" ಅಂದಳು ವಿಮಲಮ್ಮ.