ಕಂಬಳಿ ಹೊತ್ತ ಕಳ್ಳ

ಮುಂಬಾಗಿಲಿಗೆ ಕಬ್ಬಿಣದ ಜಾಳಿ, ಕೂಲಿ ಸೇರಿ ಎಂಟೂವರೆ ಸಾವಿರ. ಮೊಬೈಲಿನಲ್ಲಿ ಕಾಣುವ ಕ್ಯಾಮೆರಾ ಎರಡು ಸಾವಿರದ ಮುನ್ನೂರು, ಅದನ್ನು ಗೋಡೆಗೆ ಬಡಿದವನಿಗೆ ಇನ್ನೂರು. ಗೇಟಿನ ಮೇಲೆ ರಾತ್ರಿಯಿಡೀ ಉರಿಯುವ ದೀಪ ನಾಲ್ಕುನೂರು. ಹಿತ್ತಲ ಬಾಗಿಲಿಗೂ ಒಂದು ಜಾಳಿ ಆಗಲಿ ಎಂದು ವೆಲ್ಡಿಂಗಿನವನಿಗೆ ಕೊಟ್ಟ ಮುಂಗಡ ಮೂರು ಸಾವಿರ. ಖಾರದ ಪುಡಿ ಮನೆಯದೇ, ಲೆಕ್ಕಕ್ಕೆ ಹಿಡಿದಿಲ್ಲ. ನಾಯಿ ಪುಕ್ಕಟೆ ಬಂತು. ಜಗತ್ತಿನಲ್ಲಿ ಒಳ್ಳೆಯ ನಾಯಿ ಪುಕ್ಕಟೆ ಬರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಉಮರ್ಗಾದ ಹೈವೇಯಿಂದ ಸ್ವಲ್ಪ ಒಳಗೆ, ಮೊದಲು ಹೊಲವಾಗಿದ್ದ ಜಾಗದ ಪ್ಲಾಟಿನಲ್ಲಿ ನಮ್ಮ ಮನೆ. ನಾನು ದಿನಾ ಇನ್ನೂರು ಕಡಕ್ ರೊಟ್ಟಿ ಬಡಿದು ಢಾಬಾಗಳಿಗೆ ಕೊಡುತ್ತೇನೆ. ಮಗ ಭರತನಿಗೆ ಹೈವೇ ಮೇಲೆ ಪಂಕ್ಚರ್ ಅಂಗಡಿ. ಲಾರಿಗಳ ಟೈರು ರಾತ್ರಿಯೇ ಹೆಚ್ಚು ಒಡೆಯುವುದರಿಂದ ಅವನು ರಾತ್ರಿ ಅಂಗಡಿಯಲ್ಲಿ, ಹಗಲು ಹಾಸಿಗೆಯಲ್ಲಿ. ಹಾಗಾಗಿ ರಾತ್ರಿ ಮನೆಯಲ್ಲಿ ಉಳಿಯುವವರು ನಾನು ಮತ್ತು ಸೊಸೆ ಸೋನಾಲಿ. ಅವಳಿಗೆ ಆಗ ಏಳು ತಿಂಗಳು.

ಮೊದಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಸೋನಾಲಿಗೆ ತಾಯಿಯಿಲ್ಲ. ತಂದೆ ಶಿವರಾಯ ಕುರಿಗಾರರು, ಹಿಂಡಿನ ಹಿಂದೆ ಊರೂರು ತಿರುಗುವವರು. ಮದುವೆಯಲ್ಲಿ ಮಗಳಿಗೆ ಎರಡು ಕುರಿ ಬಳುವಳಿ ಕೊಟ್ಟಿದ್ದರು. ಆರು ತಿಂಗಳೊಳಗೆ ನನ್ನ ಮಗ ಅವನ್ನು ಮಾರಿ ಅಂಗಡಿಗೆ ಗಾಳಿ ಹೊಡೆಯುವ ಯಂತ್ರ ತಂದ. ಅದನ್ನು ಕೇಳಿ ಶಿವರಾಯರು ನಮ್ಮ ಅಂಗಳದಲ್ಲಿ ನಿಂತು, ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನವನ್ನು ಅಂಗೈಯಲ್ಲಿ ಹಿಡಿದು, "ಈ ಮನ್ಯಾಗ ಕುರಿ ಒದರೂತನಕ ನಾ ಗೇಟ ದಾಟಂಗಿಲ್ಲ" ಎಂದು ಹೇಳಿ ಹೋದವರು ತಿರುಗಿ ಬಂದಿರಲಿಲ್ಲ. ಒಂದೂವರೆ ವರ್ಷವಾಗಿತ್ತು. ಬಾಣಂತನ ಇಲ್ಲೇ, ನಾನೇ ಮಾಡುತ್ತೇನೆ ಎಂದು ಸೋನಾಲಿಗೆ ಮಾತು ಕೊಟ್ಟಿದ್ದೆ. ನನಗೆ ಹೆಣ್ಣುಮಕ್ಕಳಿಲ್ಲ. ಕೊಬ್ಬರಿ, ಅಳಿವಿ ಬೀಜ, ಅಂಟು, ಎಲ್ಲ ತಂದು ಡಬ್ಬಿ ತುಂಬಿಸಿಟ್ಟಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎದುರು ಮನೆಯ ಮಾಣಿಕಬಾಯಿ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದಳು.

"ಗುಂಡಕ್ಕಾ, ಚೋರ ಆಲಾ ಹೋತಾ! ಕಳ್ಳ ಬಂದಿದ್ದ! ನಸುಕಿನ್ಯಾಗ ನಿಮ್ಮ ಗ್ವಾಡಿ ಬಾಜೂಕ ನಿಂತಿದ್ದ. ಕರಿ ಕಂಬಳಿ. ಇಷ್ಟ ಎತ್ತರ!"

ಅವಳು ಕೈಯೆತ್ತಿ ತೋರಿಸಿದ ಎತ್ತರಕ್ಕೆ ಕಳ್ಳ ನಮ್ಮ ಗೋಡೆ ಹಾರಬೇಕಿರಲಿಲ್ಲ, ಸುಮ್ಮನೆ ದಾಟಬಹುದಿತ್ತು. ನಾನು ನಕ್ಕೆ. ಆದರೆ ಅಡಿಗೆಮನೆಯ ಕಿಟಕಿಗೆ ಎದುರಾಗಿ, ಗೋಡೆಯ ಆಚೆ ಹಸಿ ಮಣ್ಣಿನಲ್ಲಿ, ದೊಡ್ಡ ಚಪ್ಪಲಿಯ ಗುರುತು ಇದ್ದದ್ದು ಖರೆ. ಅದನ್ನು ನೋಡಿದ ಸೋನಾಲಿ ಅವತ್ತು ಊಟ ಮಾಡಲಿಲ್ಲ. ಆ ವಾರದಲ್ಲಿ ಅವನು ಇನ್ನೂ ಎರಡು ಸಲ ಕಾಣಿಸಿದ.

ಮೇಲೆ ಹೇಳಿದ ಖರ್ಚು ಶುರುವಾದದ್ದು ಆಗ. ಜಾಳಿ, ದೀಪ, ಕ್ಯಾಮೆರಾ. ಭರತ ಟೈರು ಬಿಚ್ಚುವ ಟಾಮಿ ಎಂಬ ಕಬ್ಬಿಣದ ಸಲಾಕೆ ತಂದು ನನ್ನ ತಲೆದಿಂಬಿನ ಹತ್ತಿರ ಇಟ್ಟ. ಗೇಟಿಗೆ ಸ್ಟೀಲಿನ ತಾಟುಗಳನ್ನು ದಾರದಿಂದ ಕಟ್ಟಿದೆವು, ಯಾರಾದರೂ ಮುಟ್ಟಿದರೆ ಸಪ್ಪಳವಾಗಲಿ ಎಂದು. ಮೊದಲ ರಾತ್ರಿ ಅದನ್ನು ಮುಟ್ಟಿದ್ದು ಭರತನೇ. ಸೋನಾಲಿ ಖಾರದ ಪುಡಿ ಎರಚಿದಳು. ಅವನು ಎರಡು ದಿನ ಅಂಗಡಿಗೆ ಹೋಗಲಿಲ್ಲ.

"ಎವ್ವಾ, ಕಳ್ಳ ಸಿಗೂದ್ರೊಳಗ ನೀವಿಬ್ರೂ ನನ್ನ ಮುಗಸ್ತೀರಿ," ಎಂದು ಕಣ್ಣಿಗೆ ಹಾಲಿನ ಬಟ್ಟೆ ಹಾಕಿಕೊಂಡು ಮಲಗಿದ್ದ.

ನಾಯಿಯೊಂದು ಬೇಕೆಂದು ಕಾಸಾರಶಿರಸಿಯಲ್ಲಿರುವ ನನ್ನ ತಮ್ಮ ವಿಶ್ವನಾಥಪ್ಪನಿಗೆ ಫೋನ್ ಮಾಡಿದೆ. ಅವನು ಕುರಿಗಾರರಿಂದ ಉಣ್ಣೆ ಕೊಳ್ಳುವವನು. ನಮ್ಮಲ್ಲಿ ನಾಯಿಯನ್ನು ಯಾರೂ ಬಜಾರದಲ್ಲಿ ತರುವುದಿಲ್ಲ, ಹಿಂಡಿನಿಂದ ತರುತ್ತಾರೆ. ಮೂರನೆಯ ದಿನವೇ ಅವನು ಮೋಟರ್‌ಸೈಕಲ್ ಮೇಲೆ, ಗೋಣಿಚೀಲದಿಂದ ತಲೆ ಹೊರಗೆ ಹಾಕಿದ ಒಂದು ಕಂದು ನಾಯಿಯನ್ನು ತಂದ. ವರ್ಷದ ನಾಯಿ, ಅಗಲ ಎದೆ, ಹಳದಿ ಕಣ್ಣು.

"ಎಷ್ಟ ಕೊಡ್ಬೇಕೋ?"

"ಏನೂ ಇಲ್ಲ. ಬೀರಪ್ಪ ಕೊಟ್ಟ ಅಂತ ತಿಳಕೋ."

"ಬೀರಪ್ಪ ಯಾವ ಹಿಂಡಿನ್ಯಾಗಿಂದ ಕೊಟ್ಟ?"

"ಅಕ್ಕಾ, ಚಹಾ ಮಾಡ್ತಿ ಏನು, ಹೋಗ್ಲಿ?" ಎಂದು ಮಾತು ತಿರುಗಿಸಿದ.

ನಾಯಿ ಒಳ್ಳೆಯದೇ. ಗೇಟಿನ ಹೊರಗೆ ಉದ್ದ ಹಗ್ಗದಲ್ಲಿ ಕಟ್ಟಿದೆವು. ಹಾಲಿನವನನ್ನು ಗೇಟಿನ ಹತ್ತಿರ ಬರಗೊಡಲಿಲ್ಲ. ಮಾಣಿಕಬಾಯಿ ಸಕ್ಕರೆ ಕೇಳಲು ಬರುವುದನ್ನೇ ಬಿಟ್ಟಳು, ಅದೊಂದು ಲಾಭ. ಭರತ ನಾಲ್ಕು ದಿನ ತನ್ನ ಮನೆಯ ಹೊರಗೆ ನಿಂತು ಫೋನ್ ಮಾಡಿ ಒಳಗೆ ಬರಬೇಕಾಯಿತು.

ಆದರೆ ನಾಯಿ ಬಂದ ಮೇಲೆ ಕಳ್ಳ ಕಡಿಮೆಯಾಗಲಿಲ್ಲ, ಹೆಚ್ಚಾದ. ಮೊದಲು ವಾರಕ್ಕೆ ಮೂರು ಸಲ ಬಂದವನು ಈಗ ದಿನಾ ಬರತೊಡಗಿದ. ಕ್ಯಾಮೆರಾದಲ್ಲಿ ಅವನ ಸೊಂಟದ ಕೆಳಗಿನದಷ್ಟೇ ಕಾಣುತ್ತಿತ್ತು: ಕಂಬಳಿಯ ಅಂಚು, ಒಂದು ಕೋಲು. ಚಳಿಗಾಲದಲ್ಲಿ ಈ ಕಡೆ ಅರ್ಧ ಊರು ಕಂಬಳಿಯಲ್ಲೇ ಇರುತ್ತದೆ, ಯಾರೆಂದು ಹೇಳುವುದು? ಸೋನಾಲಿ ಅದನ್ನು ಒಮ್ಮೆ ನೋಡಿ ಫೋನ್ ಕೆಳಗಿಟ್ಟಳು. ಉದಗೀರದಲ್ಲಿರುವ ಅವಳ ತಾಯಿಯ ತಂಗಿ ಸುಮಂಗಲಾ, "ಇಲ್ಲಿಗಿ ಬಾ, ಹೊಟ್ಯಾಗಿನ ಕೂಸಿಗೆ ಅಂಜಿಕಿ ಹತ್ತತದ" ಎಂದು ದಿನಾ ಹೇಳುತ್ತಿದ್ದಳು. ಸೋನಾಲಿ ಚೀಲ ತುಂಬಿದಳು. ಗುರುವಾರದ ಬಸ್ಸು.

"ನಿಮ್ಮ ಮ್ಯಾಲ ಸಿಟ್ಟಿಲ್ಲ ಅತ್ತಿ," ಎಂದಳು. "ನಸುಕಿನ್ಯಾಗ ಕಣ್ಣ ಮುಚ್ಚಾಕ ಆಗವಲ್ದು."

ಹೆದರಿದವಳಿಗೆ ಹೆದರಬೇಡ ಎಂದು ಹೇಳುವುದು ಸುಲಭ, ಪ್ರಯೋಜನವಿಲ್ಲದ್ದು. ಅವಳು ಮಲಗಿದ ಮೇಲೆ ಕ್ಯಾಮೆರಾದ ಚಿತ್ರಗಳನ್ನು ಮತ್ತೆ ನೋಡಿದೆ. ಈ ಸಲ ಕಳ್ಳನನ್ನು ಬಿಟ್ಟು ನಾಯಿಯನ್ನು ನೋಡಿದೆ. ನನ್ನ ಮಗನನ್ನು ಕಚ್ಚಲು ಹೋದ ನಾಯಿ ಗೋಡೆಯ ಹತ್ತಿರ ಅಂಗಾತ ಬಿದ್ದು, ನಾಲ್ಕೂ ಕಾಲು ಮೇಲೆ ಮಾಡಿ, ಆ ಕೋಲಿನಿಂದ ಹೊಟ್ಟೆ ಕೆರೆಸಿಕೊಳ್ಳುತ್ತಿತ್ತು. ನಾನೂ ಹಿಂಡಿನಲ್ಲಿ ಬೆಳೆದವಳು. ಹಿಂಡಿನ ನಾಯಿ ಹಾಗೆ ಬೀಳುವುದು ಒಬ್ಬನ ಮುಂದೆ ಮಾತ್ರ.

ಮಂಗಳವಾರ ಎಂದಿನಂತೆ ನಾಲ್ಕೂವರೆಗೆ ಎದ್ದು ರೊಟ್ಟಿಯ ನೀರು ಕಾಯಿಸಲು ಇಟ್ಟೆ. ಟಾಮಿ ಮುಟ್ಟಲಿಲ್ಲ. ಚಹಾ ಮಾಡಿ ಎರಡು ಕಪ್ಪಿಗೆ ಹಾಕಿ, ಗೇಟಿನ ಒಳಗಡೆ ಕಲ್ಲಿನ ಮೇಲೆ ಕುಳಿತೆ. ಐದರ ಸುಮಾರಿಗೆ ನಾಯಿ ಬಾಲ ಅಲ್ಲಾಡಿಸುತ್ತ ಎದ್ದಿತು.

"ಥಂಡಿ ಭಾಳ ಅದ," ಎಂದೆ ಕತ್ತಲೆಗೆ. "ಚಹಾ ತಗೋರಿ ಬೀಗರ."

ಗೋಡೆಯ ಆಚೆ ಕಂಬಳಿ ಬೆಚ್ಚಿತು.

"ಸಣ್ಣಗ ಮಾತಾಡ್ರಿ ಬೀಗ್ತಿ," ಎಂದರು ಶಿವರಾಯರು ಪಿಸುದನಿಯಲ್ಲಿ. "ಕಳ್ಳ ಓಡಿ ಹೋಗ್ತಾನ."

"ಯಾವ ಕಳ್ಳ?"

"ನಿಮ್ಮ ಓಣ್ಯಾಗ ತಿರಗಾಡ್ಲತ್ಯಾನಲ್ಲ, ಅಂವ. ವಿಶ್ವನಾಥಪ್ಪ ಹೇಳಿದ. ಅವತ್ತಿಂದ ನಿದ್ದಿ ಬಿಟ್ಟು ಕಾಯ್ಲತ್ತೀನಿ. ಕೈಗೆ ಸಿಗವಲ್ಲ."

"ಹೆಂಗ ಇರ್ತಾನಂತ?"

"ಎತ್ತರ ಆಳಂತ. ಕರಿ ಕಂಬಳಿ ಹೊತ್ತಿರ್ತಾನಂತ. ನಸುಕಿನ್ಯಾಗ ಬಂದು ಗ್ವಾಡಿ ಬಾಜೂಕ ನಿಂದರ್ತಾನಂತ."

"ಒಂದೀಟು ಬೆಳಕಿಗಿ ಬರ್ರಿ."

ಎರಡು ಹೆಜ್ಜೆ ಬಂದು ಗೇಟಿನ ದೀಪದ ಕೆಳಗೆ ನಿಂತರು. ತಲೆಗೆ ಕೊಪ್ಪೆ ಹಾಕಿದ ಕಂಬಳಿಯ, ಕೋಲಿನ ನೆರಳು ರಸ್ತೆಯ ಉದ್ದಕ್ಕೂ ಬಿತ್ತು. ಅದನ್ನು ನೋಡಿದರು. ಹೆಗಲ ಮೇಲಿನ ಕಂಬಳಿಯನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಕಾಲ ಹತ್ತಿರ ಬಿದ್ದುಕೊಂಡ ನಾಯಿಯನ್ನು ನೋಡಿದರು.

"ಅದಕ್ಕೇ ಇದು ಬೊಗಳವಲ್ದು," ಎಂದರು.

"ಹೌದ್ರೀ."

ಕೆಳಗೆ ಕುಳಿತುಬಿಟ್ಟರು. ಹಿಂಡನ್ನು ಅರ್ಧ ಮೈಲಿ ಆಚೆಯ ಹೊಲದಲ್ಲಿ ಗೊಬ್ಬರಕ್ಕೆಂದು ಕೂಡಿಸಿದ್ದರು. ಮೊದಲ ಮೂರು ಸಲ ಸುಮ್ಮನೆ ಬಂದಿದ್ದರಂತೆ. ಸೋನಾಲಿ ನಸುಕಿನಲ್ಲಿ ನೀರು ಕುಡಿಯಲು ಅಡಿಗೆಮನೆಯ ದೀಪ ಹಚ್ಚಿದಾಗ ಕಿಟಕಿಯಲ್ಲಿ ಅವಳ ನೆರಳು ಕಾಣುತ್ತದೆ, ಅಷ್ಟು ನೋಡಿ ಹೋಗಲಿಕ್ಕೆ. ಆಮೇಲೆ ಕಳ್ಳನ ಸುದ್ದಿ ಕೇಳಿ, ಹಿಂಡಿನ ಒಳ್ಳೆಯ ನಾಯಿಯನ್ನು ಕಳಿಸಿ, ತಾವೂ ಕಾವಲಿಗೆ ನಿಂತಿದ್ದರು.

"ನಾಯಿ ಇಲ್ದ ನಿಮ್ಮ ಹಿಂಡು?"

"ಮೊನ್ನಿ ತ್ವಾಳ ಬಂದು ಒಂದ ಮರಿ ಒಯ್ತು. ಇರ್ಲಿ ಬಿಡ್ರಿ."

"ಬೇಸ್ತವಾರ ಸೋನಾಲಿ ಉದಗೀರಕ್ಕ ಹೊಂಟಾಳ," ಎಂದೆ. "ನಿಮಗ ಅಂಜಿ."

ನಾನು ಕೊಟ್ಟ ಚಹಾದ ಕಪ್ಪನ್ನು ಅವರು ಕೆಳಗಿಟ್ಟರು. "ಇನ್ನ ಬರಂಗಿಲ್ಲ ನಾ. ಆಕಿಗೆ ಇಲ್ಲೇ ಇರು ಅಂತ ಹೇಳ್ರಿ."

"ನೀವೇ ಒಳಗ ಬಂದು ಹೇಳ್ರಿ."

"ಭಂಡಾರ ಮುಟ್ಟೀನಿ ಬೀಗ್ತಿ. ಆ ಮಾತು ಈಗ ನಂದಲ್ಲ, ದೇವ್ರದು."

ವಾದಿಸಲಿಲ್ಲ. ಅಡವಿಯಲ್ಲಿ ಒಬ್ಬನೇ ಬದುಕುವವನಿಗೆ ಆಡಿದ ಮಾತೇ ಮನೆ, ಅದನ್ನು ಚಹಾಕ್ಕೆ ಕರೆದು ಮುರಿಸಬಾರದು. ಬೇರೆ ದಾರಿ ಇತ್ತು.

"ಮರಿ ಸಂಗಾಟ ಒಂದ ಕುರಿ ಬೇಕು. ಎಷ್ಟು?"

"ನಿಮ್ಮ ಬಲ್ಲಿ ರೊಕ್ಕ ತಗೋತೀನೇನು?"

"ಪುಕ್ಕಟ ಕೊಟ್ಟದ್ದ ನನ್ನ ಮಗ ಮಾರಿದ. ರೊಕ್ಕ ಕೊಟ್ಟದ್ದ ಮಾರಾಕ ಕೈ ಬರಂಗಿಲ್ಲ. ಎಷ್ಟು?"

ಅವರೊಳಗಿನ ವ್ಯಾಪಾರಿ ಎದ್ದ. "ಹದಿನಾಕ ಸಾವಿರ."

"ಹನ್ನೆರಡು."

"ಬಜಾರಕ್ಕ ಹೋಗಿ ಕೇಳಿ ಬರ್ರಿ."

"ಓಣಿ ತುಂಬ ಅಂಜಿಸೀರಿ, ಅದರ ರೊಕ್ಕ ಮುರೀರಿ."

"ಹನ್ನೆರಡೂವರಿ," ಎಂದರು ಶಿವರಾಯರು, ಮೊದಲ ಸಲ ನಗುತ್ತ.

ವೆಲ್ಡಿಂಗಿನವನ ಬಳಿ ಹೋಗಿ ಹಿತ್ತಲ ಜಾಳಿ ಬೇಡವೆಂದು ಮುಂಗಡ ವಾಪಸು ತಂದೆ. ಉಳಿದದ್ದನ್ನು ಭರತ ಕೊಟ್ಟ. ಕೊಡಲೇಬೇಕಿತ್ತು, ಕೊಟ್ಟ. ಆದರೆ ಸೋನಾಲಿಗೆ ವಿಷಯ ಹೇಳಿದಾಗ ನಾನು ಎಣಿಸಿದಂತಾಗಲಿಲ್ಲ. ಮೊದಲು ನಕ್ಕಳು, ಆಮೇಲೆ ಅವಳ ಮುಖ ಗಟ್ಟಿಯಾಯಿತು.

"ಮಗಳ ಮುಖ ನೋಡಾಕ ಕಳ್ಳನಂಗ ಬರ್ತಾನ. ಒಂದ ಸಲ ನನ್ನ ಹೆಸರ ಹಿಡ್ದು ಕರೀಲಿಲ್ಲ. ನಾ ಉದಗೀರಕ್ಕೇ ಹೋಗಾಕಿ."

ಅಂಜಿಕೆ ಹೋಗಿತ್ತು, ಸಿಟ್ಟು ಬಂದಿತ್ತು. ಚೀಲ ಬಾಗಿಲ ಹಿಂದೆ ಹಾಗೇ ಇತ್ತು.

ಬುಧವಾರ ಸಂಜೆ ಭರತ ಕುರಿ, ಮರಿ ತಂದು ಅಂಗಳದಲ್ಲಿ ಕಟ್ಟಿದ. ಶಿವರಾಯರು ಒಗೆದ ಧೋತರ ಉಟ್ಟು, ಅದೇ ಕಂಬಳಿ ಹೆಗಲಿಗೆ ಹಾಕಿ, ಗೇಟಿನ ಹೊರಗೆ ನಿಂತರು. ಸೋನಾಲಿ ಕೋಣೆಯಿಂದ ಹೊರಗೆ ಬರಲಿಲ್ಲ.

ಕುರಿ ಒದರಲಿಲ್ಲ. ಮರಿಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ನನ್ನ ಮೆಂತ್ಯದ ಮಡಿಗೆ ಬಾಯಿ ಹಾಕಿ ಹಾಯಾಗಿ ಮೇಯುತ್ತ ನಿಂತಿತು. ನಾನು ಅದರ ಬೆನ್ನು ತಟ್ಟಿದೆ. ಮಾಣಿಕಬಾಯಿ ತನ್ನ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದಳು. ಭರತ ಅದರ ಮುಂದೆ ಬಗ್ಗಿ "ಬ್ಯಾ ಬ್ಯಾ" ಎಂದ.

"ನೀ ಒದರಿದ್ರ ನಡೀತದೇನ್ ಕೇಳೋ ನಿಮ್ಮ ಮಾವಗ," ಎಂದಳು ಮಾಣಿಕಬಾಯಿ.

ಶಿವರಾಯರಿಗೆ ಉಪಾಯ ಗೊತ್ತಿತ್ತು, ಕುರಿ ಒದರಿಸಲು ಬಾರದ ಕುರಿಗಾರನಿಲ್ಲ. ಆದರೆ ತನ್ನ ಆಣೆಯನ್ನು ತಾನೇ ಸಡಿಲಿಸುವ ಮನುಷ್ಯ ಅವರಲ್ಲ. ಬಾಯಿ ಬಿಗಿದು ಆಕಾಶ ನೋಡುತ್ತ ನಿಂತರು. ಹೊತ್ತು ಮುಳುಗುತ್ತಿತ್ತು. ಕಾಲು ಗಂಟೆ ಹೀಗೇ ಹೋಯಿತು.

ಜಾಳಿ ಬಾಗಿಲು ಕಿರ್ರೆಂದಿತು. ಸೋನಾಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಮೆಲ್ಲಗೆ ಮೆಟ್ಟಿಲಿಳಿದು ಬಂದಳು. ಅಪ್ಪನ ಕಡೆ ನೋಡಲಿಲ್ಲ.

"ಅತ್ತಿ, ಪ್ಯಾಟಿಗಿ ಬಂದು ಎಲ್ಲಾ ಮರ್ತೀರಿ ನೀವು."

ಮರಿಯನ್ನು ಎತ್ತಿ ಎದೆಗೆ ಹಚ್ಚಿಕೊಂಡು ಮನೆಯ ಹಿಂದಕ್ಕೆ ನಡೆದಳು. ಕುರಿ ಮೇಯುವುದನ್ನು ನಿಲ್ಲಿಸಿತು. ಹೊಟ್ಟೆಯ ಕೆಳಗೆ ಮೂಸಿ ನೋಡಿತು. ಸುತ್ತ ತಿರುಗಿತು. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ಒದರಿತು. ಮತ್ತೊಮ್ಮೆ ಒದರಿತು. ಹಿತ್ತಲಿನಿಂದ ಮರಿ ಉತ್ತರ ಕೊಟ್ಟಿತು.

ಶಿವರಾಯರು ಚಪ್ಪಲಿ ಬಿಟ್ಟರು. ಗೇಟಿನ ತಾಟುಗಳೆಲ್ಲ ಒಟ್ಟಿಗೆ ಗಲಗಲ ಎಂದವು. ಸೋನಾಲಿ ಮರಿಯನ್ನು ಹಿಡಿದುಕೊಂಡೇ ಹಿತ್ತಲಿನಿಂದ ಬಂದು ಅಪ್ಪನ ಮುಂದೆ ನಿಂತಳು.

"ಆ ಕಂಬಳಿ ಹೊರಗ ಇಡು," ಎಂದಳು. "ಮಾಣಿಕಬಾಯಿ ಅಂಜ್ತಾಳ."

"ಆತವ್ವಾ," ಎಂದರು ಅವರು. ಕಂಬಳಿ ತೆಗೆಯುವ ನೆಪದಲ್ಲಿ ಅದರಿಂದಲೇ ಕಣ್ಣು ಒರೆಸಿಕೊಂಡರು.

ಸೋನಾಲಿ ಉದಗೀರಕ್ಕೆ ಹೋಗಲಿಲ್ಲ. ಅವಳ ಚಿಕ್ಕಮ್ಮ ಒಂದು ತಿಂಗಳು ನಮ್ಮೊಂದಿಗೆ ಮಾತು ಬಿಟ್ಟಳು. ನಾಯಿ ಹಿಂಡಿಗೆ ಮರಳಿತು. ನನ್ನ ಮೆಂತ್ಯದ ಎರಡೂ ಮಡಿ ಹೋದವು, ಶಿವರಾಯರದು ಒಂದು ಮರಿ ಹೋಯಿತು. ಹೋಳಿ ಮುಗಿದ ನಾಲ್ಕನೆಯ ದಿನ ಹೆಣ್ಣು ಮಗು ಹುಟ್ಟಿತು, ಅದರ ಅಜ್ಜ ಮನೆಯಲ್ಲೇ ಇದ್ದರು.