ಸೋಲಿಹಾ ಅಯಾ ಬರೆಯುತ್ತಾರೆ

ತೊಟ್ಟಿಲಂಗಡಿಯ ಬ್ಲಾಗನ್ನು ಹೊರಗಿನವರಿಗೆ ವಹಿಸಿಬಿಡುವ ಮಾತನ್ನು ಕೋಮಿಲ್ ಎತ್ತಿದ್ದು ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತಾ, ಹೆಂಡತಿಯ ಮುಖ ನೋಡದೆ.

"ತಾಷ್ಕೆಂಟಲ್ಲಿ ಒಂದು ಕಂಪನಿ ಇದೆ. ಬರೆಯೋದು, ಫೋಟೋ ತೆಗೆಯೋದು, ಕೇಳಿದವರಿಗೆ ಉತ್ತರ ಕೊಡೋದು, ಎಲ್ಲಾ ಅವರೇ ನೋಡ್ಕೋತಾರಂತೆ. ನಿನಗೂ ಸ್ವಲ್ಪ ಆರಾಮ ಆಗತ್ತೆ, ಮುಹಯ್ಯೊ."

"ಹೌದು ಮಗಳೇ, ಕಣ್ಣು ಹೇಗೆ ಬಾಡಿದೆ ನೋಡು," ಅಂದರು ಎಲ್ಲರೂ ಅಯಾ, ಅಂದರೆ ಅಮ್ಮ, ಎನ್ನುವ ಅತ್ತೆ ಸೋಲಿಹಾ. ಆ ಕಣ್ಣು ಬಾಡಿ ಎರಡು ಚಳಿಗಾಲ ಕಳೆದಿತ್ತು. ಅತ್ತೆಗೆ ಅದು ಕಂಡಿದ್ದು ಇವತ್ತು.

ಮುಹಯ್ಯೊ ಎಲ್ಲರಿಗೂ ಚಹಾ ಬಗ್ಗಿಸಿದಳು. ಒಳಗಿನ ಕಾರಣ ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಅಂಗಡಿಗೆ ಬರುವ ಸಂದೇಶಗಳನ್ನು ಮೊದಲು ತೆರೆದು ಓದುವವಳು ಅವಳೇ ಎಂಬುದನ್ನು ಈ ಮನೆಯವರು ಮರೆತೇಬಿಟ್ಟಿದ್ದರು. ಅಂದಿಜಾನಿನ ಹೆಂಗಸೊಬ್ಬಳು ಬರೆದಿದ್ದಳು: ಮಗಳ ಚೊಚ್ಚಲ ಕೂಸಿಗೆಂದು ಹೇಳಿಟ್ಟ ತೊಟ್ಟಿಲು ಸದ್ಯಕ್ಕೆ ಬೇಡ. ನಿಮ್ಮಲ್ಲಿ ಬರೆಯುವವಳ ಮಗು ತೊಟ್ಟಿಲಲ್ಲೇ ಹೋಯಿತಂತೆ, ಆಮೇಲೆ ಮಡಿಲು ತುಂಬಲಿಲ್ಲವಂತೆ. ಅಂಥವಳ ಮಾತು ತಾಗಿದ ತೊಟ್ಟಿಲನ್ನು ಬಾಣಂತಿಯ ಮನೆಗೆ ತರುವುದು ಹೇಗೆ? ಮುಹಯ್ಯೊ ಅದನ್ನು ಓದಿ, ಓದಿಯೇ ಇಲ್ಲವೆಂಬಂತೆ ಫೋನನ್ನು ಗಂಡನ ಕೈಗೆ ಕೊಟ್ಟಿದ್ದಳು. ಈಗ ಅವನು ಅವಳಿಂದ ಅದನ್ನೇ ಮುಚ್ಚಿಡಲು ಒದ್ದಾಡುತ್ತಿದ್ದ. ಪಾಪ, ಸುಳ್ಳು ಹೇಳಲು ಅವನಿಗೆ ಎಂದೂ ಬಂದದ್ದಿಲ್ಲ.

ಊರ ಬಾಯಿಗೆ ಮುಚ್ಚಳ ಹಾಕಲಾದೀತೇ? ನಮಂಗಾನಿನಲ್ಲಂತೂ ಆಗದು. ಆದರೆ ಇದೇ ಊರಲ್ಲಿ ಪ್ಲಾಸ್ಟಿಕ್ ತೊಟ್ಟಿಲುಗಳು ಬಂದು ತುಂಬಿದಾಗ, ನುರಿತ ಬಡಗಿ ಮಾವ ತುರ್ಸುನ್ ಉಸ್ತಾ ಕಡೆದಿಟ್ಟ ತೊಟ್ಟಿಲುಗಳ ಮೇಲೆ ಧೂಳು ಕೂತಾಗ, ಹೊಸ ಸೊಸೆಯಾಗಿ ಬಂದ ಮುಹಯ್ಯೊ ಬ್ಲಾಗ್ ತೆರೆದು ಬರೆಯತೊಡಗಿದ್ದಳು. ತೊಟ್ಟಿಲ ಮೇಲಿನ ಅಡ್ಡ ಹಿಡಿಗೆ ವಿಲೋ ಮರವೇ ಏಕೆ, ಕೂಸನ್ನು ತೊಟ್ಟಿಲಿಗೆ ಕಟ್ಟುವ ಪಟ್ಟಿಯ ಬಿಗಿ ಎಷ್ಟಿರಬೇಕು, ಅಜ್ಜಿಯರು ಯಾವ ಜೋಗುಳ ಹಾಡುತ್ತಿದ್ದರು. ಕಜಾನ್‌ನಲ್ಲಿ, ಮಾಸ್ಕೋದಲ್ಲಿ ಗಂಡಂದಿರ ಜೊತೆ ದುಡಿಯಲು ಹೋದ ಹೆಂಗಸರು ಅದನ್ನು ಓದಿ ಅತ್ತರು, ಅತ್ತು ತೊಟ್ಟಿಲು ತರಿಸಿಕೊಂಡರು. ಮಾವನ ಉಳಿಗೆ ಮತ್ತೆ ಕೆಲಸ ಬಂತು.

ಆಮೇಲೆ ಅವಳಿಗೂ ಮಗ ಹುಟ್ಟಿದ. ವಾಡಿಕೆಯಂತೆ ತವರಿನಿಂದ ನೀಲಿ ಬಣ್ಣದ ತೊಟ್ಟಿಲು ಬಂತು. ಅದನ್ನು ಕಡೆದವರೂ ಮಾವನೇ. ಬೀಗರು ಬೇರೆ ಕಡೆ ಕೊಳ್ಳಲು ಅವರು ಬಿಡಲಿಲ್ಲ. ಹುಟ್ಟಿ ನಲವತ್ತು ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಕೂಸು ಏಳಲಿಲ್ಲ. ನೀಲಿ ತೊಟ್ಟಿಲು ಕಾರ್ಖಾನೆಯ ಮೂಲೆಗೆ ಹೋಯಿತು, ಅದರ ಮೇಲೊಂದು ಚಾದರ ಬಿತ್ತು. ಮುಹಯ್ಯೊ ಬರೆಯುವುದನ್ನು ಬಿಡಲಿಲ್ಲ. ಮಾತಾಡಲು ಅವಳಿಗೆ ಉಳಿದಿದ್ದ ಜಾಗ ಅದೊಂದೇ.

"ಬ್ಲಾಗ್ ಹುಟ್ಟಿಸಿದವಳು ಅವಳು. ಕೊಡೋದೋ ಬಿಡೋದೋ ಅವಳೇ ಹೇಳಲಿ," ಅಂದರು ಊಟಕ್ಕೆ ಕೂತಿದ್ದ ಉಸ್ತಾ.

ನಿಜವಾದ ಕಾರಣವನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು. 'ಆರಾಮ' ಎಂಬ ಮಾತಿನ ಎದುರು ಜಗಳವಾಡುವುದು ಹೇಗೆ?

"ಕಂಪನಿಯವ್ರು ಬಂದು ನೋಡ್ಲಿ. ಆಮೇಲೆ ಹೇಳ್ತೀನಿ," ಅಂದಳು.

ತಾಷ್ಕೆಂಟಿನಿಂದ ಬಂದವಳು ಶಹ್ಲೋ ಎಂಬ ಹುಡುಗಿ. ಕೆಟ್ಟವಳಲ್ಲ, ಬಲು ಚುರುಕು. ಬಂದವಳೇ ಕಾರ್ಖಾನೆಯೆಲ್ಲ ಸುತ್ತಿ, ಮರದ ಹೊಟ್ಟು ಮೂಗಿಗೆ ಹೋಗಿ ಸೀನಿ, ಮೂಲೆಯ ಚಾದರ ಎತ್ತಿದಳು.

"ಅಯ್ಯೋ, ಇಷ್ಟು ಚೆಂದದ್ದನ್ನ ಮುಚ್ಚಿಟ್ಟಿದೀರಲ್ಲಾ!" ಎಂದು ನೀಲಿ ತೊಟ್ಟಿಲನ್ನು ಬೆಳಕಿಗೆ ಎಳೆದು, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ತೂಗಿದಳು. ಬರಿದಾದ ತೊಟ್ಟಿಲು ಟಕ್ ಟಕ್ ಎಂದು ನೆಲಕ್ಕೆ ಬಡಿಯಿತು.

ಸೋಲಿಹಾ ಅಯಾ ಓಡಿಬಂದು ಹಿಡಿಯನ್ನು ಎರಡೂ ಕೈಯಲ್ಲಿ ಗಪ್ಪನೆ ಹಿಡಿದರು. "ಖಾಲಿ ತೊಟ್ಟಿಲು ತೂಗ್ತಾರೇನೇ, ದರಿದ್ರದವಳೇ! ಯಾವ ತಾಯಿ ಹೆತ್ತಳೇ ನಿನ್ನ?"

ಶಹ್ಲೋ ಬೆಚ್ಚಿದಳು. "ತಪ್ಪಾಯ್ತು ಅಯಾ. ನಾವು ಫ್ಲ್ಯಾಟಲ್ಲಿ ಬೆಳೆದವರು, ಇದೆಲ್ಲ ಯಾರು ಹೇಳ್ಕೊಟ್ಟಿದಾರೆ?"

ಮುಹಯ್ಯೊ ಬಾಗಿಲಲ್ಲೇ ನಿಂತಿದ್ದಳು. ತೂಗಬಾರದೆಂದು ಅವಳಿಗೂ ಗೊತ್ತು. ಆದರೂ ಆ ಟಕ್ ಟಕ್ ಇನ್ನೂ ಒಂದು ಗಳಿಗೆ ಕೇಳಿಸಬಾರದಿತ್ತೇ ಅನ್ನಿಸಿ, ಅನ್ನಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಳು. ಮುಂದೆ ಹೋಗಿ ಚಾದರ ಹೊದಿಸಿದಳು.

ಹುಡುಗಿ ಬೇಗ ಸುಧಾರಿಸಿಕೊಂಡಳು. ಚಹಾ ಕುಡಿಯುವಷ್ಟರಲ್ಲಿ ಉಪಾಯವೂ ಹೊಳೆದಿತ್ತು. "ನೋಡಿ, ನಾವು ಬರೆದ್ರೆ ಇಂಥ ಎಡವಟ್ಟು ಇದ್ದೇ ಇರತ್ತೆ. ಮುಹಯ್ಯೊ ಅಕ್ಕ ನಮಗೆ ಬರ್ಕೊಡಲಿ. ನಾವು ತಿದ್ದಿ ಹಾಕ್ತೀವಿ, ಅಯಾ ಹೆಸರಲ್ಲಿ. ಏಳು ಮಕ್ಕಳ ತಾಯಿ, ಬಿಳೀ ತಲೆವಸ್ತ್ರ, ಮುಖದ ತುಂಬ ಸುಕ್ಕು. ಜನ ಮುಗಿಬೀಳ್ತಾರೆ."

"ಸುಕ್ಕು ನಿಮ್ಮಜ್ಜಿಗೆ!" ಅಂದರು ಅಯಾ. ಆದರೆ ಬೇಡ ಅನ್ನಲಿಲ್ಲ.

ಕೋಮಿಲ್ ಈಗ ಹೆಂಡತಿಯ ಮುಖ ನೋಡಿದ. "ಹೀಗಾದ್ರೆ ಆಗಬಹುದಾ?"

ಆ ಮಾತು ಅವಳನ್ನು ಇರಿಯಿತು. ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಮಲಗಿಸುವ ಅಜ್ಜಿ ಬೇಕೆಂದೇ ಕೂಸನ್ನು ತಲೆಕೆಳಗಾಗಿ ಇಟ್ಟು "ಹೀಗಾ?" ಎಂದು ಕೇಳುತ್ತಾಳೆ. ನೆರೆದ ಹೆಂಗಸರೆಲ್ಲ ನಗುತ್ತಾ "ಅಲ್ಲ, ಅಲ್ಲ!" ಎಂದು ಕೂಗುತ್ತಾರೆ. ಇಲ್ಲಿ ಕೂಗಲು ಯಾರೂ ಇರಲಿಲ್ಲ. ಬೇಡ ಅಂದರೆ ಬರವಣಿಗೆಯೇ ಹೋಯಿತು. ಹೂಂ ಅಂದರೆ ಹೆಸರಷ್ಟೇ ಹೋಯಿತು.

"ಆಗಲಿ," ಅಂದಳು ಮುಹಯ್ಯೊ.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಹಾವು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಉಸ್ತಾ ಕುಡಿಯದ ಚಹಾ ಬಿಟ್ಟು ಎದ್ದುಹೋದರು. ಅಂದೆಲ್ಲ ಅವರ ಉಳಿಯ ಸದ್ದು ಕೇಳಲಿಲ್ಲ.

ಮಲ್ಬರಿ ಹಣ್ಣು ಉದುರುವ ಹೊತ್ತಿಗೆ ಮೊದಲ ಬರಹ ಬಂತು. ಮೇಲ್ಗಡೆ ಬಿಳಿ ವಸ್ತ್ರದ ಅಯಾ ಫೋಟೋ, ಅದರ ಪಕ್ಕ 'ಸೋಲಿಹಾ ಅಯಾ ಬರೆಯುತ್ತಾರೆ'. ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೇ ಅಂಗಳದಲ್ಲಿ ಕೂತು ಹಣ್ಣು ಆರಿಸುತ್ತಿದ್ದಾಗ ಅಂದಿಜಾನಿನ ಅದೇ ಹೆಂಗಸಿನ ಸಂದೇಶ ಬಂತು. ಅಯಾಗೆ ಸಣ್ಣಕ್ಷರ ಕಾಣದು. ಮುಹಯ್ಯೊ ಓದಿ ಹೇಳಿದಳು. "ಏಳು ಹೆತ್ತ ತಾಯಿಗಲ್ಲದೆ ಇನ್ನಾರಿಗೆ ಇದು ತಿಳಿದೀತು ಅಯಾ? ನೀವು ಬರೆಯೋದಾದ್ರೆ ನಮಗೆ ತೊಟ್ಟಿಲು ಬೇಕು. ನಮ್ಮ ಕೂಸನ್ನು ನಿಮ್ಮ ಕೈಯಿಂದಲೇ ಮಲಗಿಸಬೇಕು, ಬನ್ನಿ."

ಅಯಾ ಮುಖ ಅರಳಿತು. "ಹೌದಾ? ಅಂಥದ್ದೇನು ಬರ್ದಿದೀನಿ ನಾನು? ಓದು ನೋಡೋಣ."

ಮುಹಯ್ಯೊ ಓದಿದಳು. ಮೊದಲ ಸಲ ಪಟ್ಟಿ ಬಿಗಿದಾಗ ಕೂಸು ಅಳುವುದಿಲ್ಲ, ಇದೇನಿದು ಎಂಬಂತೆ ಹುಬ್ಬೇರಿಸಿ ನೋಡುತ್ತದೆ. ತೊಟ್ಟಿಲ ಮೇಲೆ ಬಾಗಿ ಹಾಲೂಡುವಾಗ ಹಿಡಿ ತಾಯಿಯ ಪಕ್ಕೆಗೆ ಒತ್ತುತ್ತದೆ. ಒತ್ತಿ ಒತ್ತಿ ಅಲ್ಲೊಂದು ಗೆರೆ ಬೀಳುತ್ತದೆ. ತೊಟ್ಟಿಲು ಬರಿದಾದ ಮೇಲೂ ಎಷ್ಟೋ ದಿನ ಆ ಗೆರೆ ಮಾಸುವುದಿಲ್ಲ.

ಅಯಾ ಕೈಯಲ್ಲಿದ್ದ ಹಣ್ಣು ಹಾಗೇ ಉಳಿಯಿತು. ಸೊಸೆಯ ಕೂಸನ್ನು ತೊಟ್ಟಿಲಲ್ಲಿಟ್ಟು "ಹೀಗಾ?" ಎಂದು ಕೇಳಿದ್ದು ಅವರೇ. ಅದು ಹುಬ್ಬೇರಿಸಿದ್ದನ್ನು ಅವರೂ ನೋಡಿದ್ದರು.

"ಏಳು ಹೆತ್ತೆ ನಾನು," ಅಂದರು. "ಆ ಗೆರೆ ನನಗೆ ನೆನಪೇ ಇಲ್ಲವಲ್ಲೇ."

"ನಿಮಗೆ ಗೆರೆ ಮೇಲೆ ಗೆರೆ ಬಿತ್ತಲ್ಲ ಅಯಾ," ಅಂದಳು ಮುಹಯ್ಯೊ.

ಮುದುಕಿ ತಲೆವಸ್ತ್ರದ ಅಂಚು ಬಾಯಿಗೆ ತುರುಕಿಕೊಂಡು ಅತ್ತರು. ಸೊಸೆ ಅಳಲಿಲ್ಲ. ಅಂದಿಜಾನಿನವಳು ಉತ್ತರಕ್ಕೆ ಕಾದಿದ್ದಳು.

"ಏನಂತ ಬರೀಲಿ?"

ಅಯಾ ನಿನಗೇ ಬಿಟ್ಟದ್ದು ಎಂಬಂತೆ ಕೈಯಾಡಿಸಿದರು. ಮುಹಯ್ಯೊ ಹಣ್ಣಿನ ಕಲೆಯ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಬರೆದಳು: "ಬರ್ತೀನಿ ಮಗಳೇ. ನನ್ನ ಏಳೂ ಮಕ್ಕಳ ಆಯಸ್ಸು ನಿನ್ನ ಮೊಮ್ಮಗುವಿಗೂ ಇರಲಿ." ಕೆಳಗೆ ಹೆಸರು ಹಾಕಿದಳು, ಸೋಲಿಹಾ ಅಯಾ.