ಬಿರುಕಿನ ಮೇಲಿನ ಗಾಜು

ಕ್ಯಾಥೊಲಿಕ್ ಚರ್ಚು ವಿಜ್ಞಾನವನ್ನು ಹೆತ್ತಿತೋ, ಅದರ ಕತ್ತು ಹಿಸುಕಿತೋ ಎಂದು ಈ ಅಕ್ಕ ತಮ್ಮ ಇಬ್ಬರೂ ಹತ್ತೊಂಬತ್ತು ವರ್ಷಗಳಿಂದ ಜಗಳವಾಡುತ್ತಿದ್ದರು. ತಮ್ಮನಾದವನು ಊರಿನ ಚರ್ಚಿನ ಪಾದ್ರಿ. ಅಕ್ಕ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ದೇವರನ್ನು ಹದಿನಾರನೇ ವಯಸ್ಸಿಗೇ ಬಿಟ್ಟಿದ್ದಳು, ತಮ್ಮನನ್ನು ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಪಾದ್ರಿಮನೆಯ ಅಡುಗೆಕೋಣೆಗೆ ಬಂದು, ಅವನ ಕಾಫಿ ಕುಡಿದು, ಅವನ ಧರ್ಮವನ್ನು ಬೈದು, ಲೋಟ ತೊಳೆದಿಟ್ಟು ಹೋಗುವುದು ಅವಳ ದಿನಚರಿ.

ವರ್ಷಕ್ಕೊಮ್ಮೆ ಈ ಜಗಳಕ್ಕೆ ಮೈಕು, ಹೂದಾನಿ, ಮುನ್ನೂರು ಕುರ್ಚಿ ಸಿಗುತ್ತಿದ್ದವು. ಚರ್ಚಿನ ಅಂಗಳದ ಆಚೆ ಬದಿಯ ಸಭಾಂಗಣದಲ್ಲಿ ಊರಿಗೆ ಊರೇ ಬಂದು ಕೂರುತ್ತಿತ್ತು. ಅಕ್ಕ ದುರ್ಬೀನಿನಲ್ಲಿ ಆಕಾಶ ನೋಡಿದ ತಪ್ಪಿಗೆ ಚರ್ಚಿನ ಎದುರು ಮಂಡಿಯೂರಬೇಕಾದ ಮುದುಕನನ್ನು ಮಾತಿಗೆ ಕರೆತರುತ್ತಿದ್ದಳು; ಓದಬಾರದೆಂದು ಚರ್ಚು ಹೇಳಿದ ಪುಸ್ತಕಗಳ ಪಟ್ಟಿಯನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ತಮ್ಮನೋ, ಮಠದ ತೋಟದಲ್ಲಿ ಬಟಾಣಿ ಎಣಿಸುತ್ತ ಕೂತು ವಂಶದ ಗುಟ್ಟು ಹಿಡಿದ ಸನ್ಯಾಸಿಯನ್ನು ಎಳೆದುತರುತ್ತಿದ್ದ. ಬ್ರಹ್ಮಾಂಡಕ್ಕೂ ಒಂದು ಹುಟ್ಟಿದ ದಿನವಿದೆ ಎಂದು ಲೆಕ್ಕ ಹಾಕಿ ತೋರಿಸಿದ ಪಾದ್ರಿಯನ್ನು ನಿಲ್ಲಿಸುತ್ತಿದ್ದ. ಇಬ್ಬರೂ ಹೇಳುತ್ತಿದ್ದುದು ನಿಜವೇ. ಜಗಳ ಮುಗಿಯದೆ ಇದ್ದದ್ದು ಅದಕ್ಕೇ.

ತೀರ್ಪುಗಾರರು ಯಾರೂ ಇರಲಿಲ್ಲ, ಗಂಟೆಯಣ್ಣನೊಬ್ಬನನ್ನು ಬಿಟ್ಟರೆ. ಮೂವತ್ತೊಂದು ವರ್ಷಗಳಿಂದ ಚರ್ಚಿನ ಗಂಟೆ ಹೊಡೆಯುತ್ತಿದ್ದವನು ಅವನು. ಹಿಂದಿನ ಬಾಗಿಲಿಗೆ ಒರಗಿ ನಿಂತು ಕೇಳುವನು, ಆರಕ್ಕೆ ಹೋಗಿ ಸಂಜೆ ಪ್ರಾರ್ಥನೆಯ ಗಂಟೆ ಹೊಡೆದು ಮತ್ತೆ ಬಂದು ಒರಗುವನು, ಕೊನೆಗೆ ಮನೆಗೆ ಹೋಗಿ ಹೆಂಡತಿಗೆ ತೀರ್ಪು ಹೇಳುವನು. "ಈ ಸಲ ಅಕ್ಕಾವ್ರೇ ಗೆದ್ದಿದ್ದು ಕಣೆ. ಫಾದರ್ ಮೂರು ಸಲ ನೀರು ಕುಡಿದ್ರು."

ಗಂಟೆಯ ಗೋಪುರ ಚರ್ಚಿಗಿಂತ ಹಳೆಯದು. ಅದರ ಗೋಡೆಯಲ್ಲಿ ಆಳೆತ್ತರದ ಒಂದು ಬಿರುಕು. ಅದು ಸುಮ್ಮನಿದೆಯೋ ಬೆಳೆಯುತ್ತಿದೆಯೋ ತಿಳಿಯಲು ಪಾದ್ರಿಯೇ ಎರಡು ಗಾಜಿನ ಪಟ್ಟಿಗಳನ್ನು, ಕೆಳಗೊಂದು ಮೇಲೊಂದು, ಬಿರುಕಿಗೆ ಅಡ್ಡಲಾಗಿ ಅಂಟಿಸಿದ್ದ. ಗೋಡೆ ಕೂದಲೆಳೆಯಷ್ಟು ಕದಲಿದರೂ ಸಾಕು, ಗಾಜು ಸೀಳುತ್ತದೆ. ಗಂಟೆಯಣ್ಣ ದಿನಾ ಬೆಳಿಗ್ಗೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ "ಸರಿ ಇದೆ" ಎಂದು ಬರೆಯುತ್ತಿದ್ದ. ನಾಲ್ಕು ವರ್ಷಗಳ "ಸರಿ ಇದೆ"ಗಳ ನಂತರ ಒಂದು ಸೋಮವಾರ ಕೆಳಗಿನ ಗಾಜು ಎರಡು ಹೋಳಾಗಿತ್ತು.

ಪಾದ್ರಿ ಅಂದೇ ಬಿಷಪ್ಪರ ಕಚೇರಿಗೆ ಬರೆದ. ಉತ್ತರ ಗುರುವಾರ ಬಂತು. ಅಕ್ಕ ಕಾಫಿ ಹೀರುತ್ತಿದ್ದಳು, ಗಂಟೆಯಣ್ಣ ಹೊಸ್ತಿಲಲ್ಲಿ ನಿಂತಿದ್ದ. ಪಾದ್ರಿ ಗಟ್ಟಿಯಾಗಿ ಓದಿದ: "ಇಂಜಿನಿಯರ್ ಇಪ್ಪತ್ತನೇ ತಾರೀಕು ಬರುತ್ತಾರೆ. ಅಲ್ಲಿಯವರೆಗೆ ಯಾವ ಬದಲಾವಣೆಯೂ ಬೇಡ. ಭಕ್ತರಲ್ಲಿ ಗಾಬರಿ ಹುಟ್ಟಿಸಬೇಡಿ."

"ನನಗೆ ಆಗ್ಲೇ ಹುಟ್ಟಿದೆ ಫಾದರ್," ಎಂದ ಗಂಟೆಯಣ್ಣ. "ಹಗ್ಗ ಎಳೆದಾಗೆಲ್ಲ ತಲೆ ಮೇಲೆ ಸುಣ್ಣದ ಪುಡಿ ಉದುರುತ್ತೆ. ಇಪ್ಪತ್ತರ ತನಕ ಗಂಟೆ ನಿಲ್ಸೋಣ್ವಾ?"

"ಮೂವತ್ತೊಂದು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಲ್ಲ ಅಂತ ಊರೆಲ್ಲ ಜಂಬ ಕೊಚ್ಚೋನು ನೀನೇ ಅಲ್ವೇನೋ?"

"ಜಂಬ ಕೊಚ್ಚೋಕೆ ತಲೆ ಇರಬೇಕಲ್ಲ ಫಾದರ್?"

"ಮೇಲಿನವರು ಬೇಡ ಅಂದಿದ್ದಾರೆ. ಅವರು ಹೇಳಿದ ಹಾಗೆ ಕೇಳ್ತೀನಿ ಅಂತ ಮಾತು ಕೊಟ್ಟು ನಾನು ಈ ನಿಲುವಂಗಿ ಹಾಕಿಕೊಂಡವನು."

"ನೋಡು, ನೋಡು," ಎಂದಳು ಅಕ್ಕ ಖುಷಿಯಿಂದ. "ನಾಡಿದ್ದು ವೇದಿಕೆ ಮೇಲೆ ಇದನ್ನೇ ಹೇಳ್ತೀನಿ. ಕಣ್ಣೆದುರು ಗಾಜು ಒಡೆದಿದ್ರೂ ಕಾಗದ ಬರೋ ತನಕ ಒಡೆದಿಲ್ಲ!"

ಗಂಟೆಯಣ್ಣ ಆಸೆಯಿಂದ ಅವಳತ್ತ ತಿರುಗಿದ. "ನೀವಾದ್ರೂ ಹೇಳಿ ಅಕ್ಕಾವ್ರೇ. ನೀವು ಸೈನ್ಸು."

ಅಕ್ಕ ಲೋಟ ಕೆಳಗಿಟ್ಟಳು. ಸೈನ್ಸು ಎಂದು ಕೇಳಿದರೆ ಅವಳು ಸುಳ್ಳಾಡಲಾರಳು. "ಒಂದು ಗಾಜು ಒಡೀತು ಅಂದ್ರೆ ಒಂದು ಗಾಜು ಒಡೀತು, ಅಷ್ಟೆ. ಬಿಸಿಲಿಗೂ ಸೀಳುತ್ತೆ, ಅಂಟು ಒಣಗಿದ್ರೂ ಸೀಳುತ್ತೆ. ಮೇಲಿನದು ಗಟ್ಟಿಯಾಗಿದೆ ತಾನೆ? ಅದೂ ಒಡೆದ್ರೆ ಬಂದು ಹೇಳು. ಇವನ ಕೈ ಕಟ್ಟಿಹಾಕಿ ನಾನೇ ಗಂಟೆ ನಿಲ್ಲಿಸ್ತೀನಿ."

"ಅಂದ್ರೆ ಇಬ್ರೂ ಕಾದು ನೋಡು ಅಂತೀರಿ." ಗಂಟೆಯಣ್ಣ ತಲೆ ಕೆರೆದುಕೊಂಡ. "ಹತ್ತೊಂಬತ್ತು ವರ್ಷದಲ್ಲಿ ಮೊದಲ್ನೇ ಸಲ ಅಕ್ಕ ತಮ್ಮ ಒಪ್ಪಿದಿರಿ. ಅದೂ ನನ್ನ ತಲೆ ವಿಷಯದಲ್ಲಿ."

ಮೂವರೂ ನಕ್ಕರು. ಗಂಟೆಯಣ್ಣ ಸ್ವಲ್ಪ ಕಡಿಮೆ ನಕ್ಕ.

"ನೀನಾಗೇ ನಿಲ್ಲಿಸಬೇಡ," ಎಂದ ಪಾದ್ರಿ. "ನಿಲ್ಲಿಸೋದಾದ್ರೆ ನಾನೇ ಹೇಳ್ತೀನಿ."

ಶನಿವಾರ ಐದಕ್ಕೆ ಚರ್ಚೆ ಶುರುವಾಯಿತು. ಕುರ್ಚಿ ಸಾಲದೆ ಜನ ಕಿಟಕಿಗಳಲ್ಲಿ ಕೂತಿದ್ದರು. ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕಬಾರದು ಎಂಬುದು ಆ ಸಭೆಯ ಒಂದೇ ಕಟ್ಟಳೆ. ಅಕ್ಕ ತಮ್ಮ ಇಬ್ಬರೂ ಮೊದಲ ವರ್ಷವೇ ಕೂಗಾಡಿ ಮೈಕು ಮುರಿದ ಮೇಲೆ ಮಾಡಿದ್ದು. ಅಕ್ಕ ಮೊದಲು ಮಾತಾಡಿದಳು. ಮೇಲಿನವರ ಕಾಗದದ ಮಾತು ಬಂತು, ಸಭೆ ಗೊಳ್ಳೆಂದು ನಕ್ಕಿತು. ಐದೂವರೆಗೆ ಪಾದ್ರಿ ಎದ್ದ. ಅಂಥ ಭಾಷಣವನ್ನು ಅವನು ಅದುವರೆಗೆ ಮಾಡಿರಲಿಲ್ಲ.

ಐದು ಮುಕ್ಕಾಲಿಗೆ ಗಂಟೆಯಣ್ಣ ಹಿಂದಿನ ಬಾಗಿಲಲ್ಲಿ ಕಾಣಿಸಿಕೊಂಡ. ಒರಗಲಿಲ್ಲ. ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದರಲ್ಲಿ ಗಾಜಿನ ಎರಡು ಚೂರು. ಆ ಕೈಯನ್ನು ಅವನು ತಲೆಗಿಂತ ಮೇಲೆ ಎತ್ತಿದ.

ಪಾದ್ರಿ ನೋಡಿದ. ಮಾತಿನ ಲಯ ತಪ್ಪದಂತೆ ಅಂಗೈ ತೋರಿಸಿದ: ತಾಳು.

ಅಕ್ಕನೂ ನೋಡಿದಳು. ಅದು ಮೇಲಿನ ಗಾಜು ಎಂಬುದು ಅವಳಿಗೆ ತಕ್ಷಣ ಹೊಳೆಯಿತು. ಇವನ ಮಾತು ಮುಗಿಯಲಿ, ಇನ್ನು ಹತ್ತು ನಿಮಿಷ ತಾನೆ, ಎಂದುಕೊಂಡಳು. ತಮ್ಮನ ಮಾತಿನಲ್ಲಿ ಒಂದು ಇಸವಿ ತಪ್ಪಿತ್ತು. ಅದನ್ನು ಗುರುತು ಹಾಕಿಕೊಳ್ಳುತ್ತಿದ್ದಳು.

ಗಂಟೆಯಣ್ಣ ಒಂದಷ್ಟು ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದ. ಆಮೇಲೆ ಅಕ್ಕ ತಲೆ ಎತ್ತಿದಾಗ ಅವನು ಅಲ್ಲಿರಲಿಲ್ಲ.

"ನನ್ನ ಅಕ್ಕ ಆಗಿಂದ ಕೈಗಡಿಯಾರ ನೋಡ್ತಿದ್ದಾಳೆ," ಎನ್ನುತ್ತಿದ್ದ ಪಾದ್ರಿ. "ಸಂತೋಷ. ಆದ್ರೆ ಹೊತ್ತನ್ನ ಅಳತೆ ಮಾಡಿ ಬದುಕೋ ಅಭ್ಯಾಸ ಎಲ್ಲಿಂದ ಬಂತು? ಪ್ರಯೋಗಶಾಲೆಯಿಂದಲ್ಲ. ಪ್ರಾರ್ಥನೆಗೆ ತಡವಾದೀತು ಅಂತ ಹೆದರಿದ ಸನ್ಯಾಸಿಗಳಿಂದ! ಊರು ಕೇಳಿದ ಮೊದಲ ಗಡಿಯಾರ ಚರ್ಚಿನ ಗಂಟೆ!"

ಅಷ್ಟರಲ್ಲಿ ಆರಾಯಿತು. ಹೇಳಿ ಮಾಡಿಸಿದಂತೆ ಸಂಜೆ ಪ್ರಾರ್ಥನೆಯ ಗಂಟೆ ಮೊಳಗಿತು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಕ್ಕನೂ ನಗು ತಡೆಯಲಾರದೆ ತಟ್ಟಿದಳು. ಪಾದ್ರಿ ಕೈಚಾಚಿ ತಲೆಬಾಗಿದ. ಏಳನೇ ಬಡಿತ ಅರ್ಧಕ್ಕೆ ನಿಂತಿತು. ಆಮೇಲೆ ಬಂದ ಸದ್ದನ್ನೂ ಹಿಂದಿನ ಸಾಲಿನವರು ಒಂದು ಗಳಿಗೆ ಚಪ್ಪಾಳೆಯೆಂದೇ ತಿಳಿದರು. ಕಿಟಕಿಗಳಿಂದ ಬಿಳಿ ಧೂಳು ಒಳಗೆ ಬಂತು.

ಗೋಪುರದ ಮೇಲಿನ ಅರ್ಧ ಕೆಳಗಿನ ಅರ್ಧದೊಳಕ್ಕೆ ಕುಸಿದಿತ್ತು. ಗಂಟೆಯಣ್ಣನನ್ನು ಹೊರಗೆ ತೆಗೆಯುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಹಗ್ಗ ಕೈಯಲ್ಲೇ ಇತ್ತು.

ನೋಟ್‌ಬುಕ್ಕು ಸಭಾಂಗಣದ ಹಿಂದಿನ ಬೆಂಚಿನ ಮೇಲೆ ಸಿಕ್ಕಿತು, ಹಾರಿಹೋಗದಂತೆ ಗಾಜಿನ ಚೂರುಗಳನ್ನು ಮೇಲಿಟ್ಟಿದ್ದ. ಕೊನೆಯ ಪುಟದಲ್ಲಿ ಹೀಗಿತ್ತು: "ಶನಿವಾರ, ಸಂಜೆ ೫.೪೦. ಮೇಲಿನ ಗಾಜೂ ಹೋಯಿತು. ೫.೪೫. ಹೇಳಲು ಹೋದೆ. ತಾಳು ಅಂದರು."

ತನಿಖೆಗೆ ಬಂದ ಅಧಿಕಾರಿ ತಪ್ಪು ಯಾರದೆಂದು ಕೇಳಿದ. ನನ್ನದು, ಎಂದ ಪಾದ್ರಿ. ಅಲ್ಲ, ನನ್ನದು, ಎಂದಳು ಅಕ್ಕ. ಅವರು ಮತ್ತೆ ಜಗಳಕ್ಕೆ ಬಿದ್ದಂತೆ ಅವನಿಗೆ ಕಂಡಿರಬೇಕು. ಹಳೆಯ ಕಟ್ಟಡ ಎಂದು ಬರೆದುಕೊಂಡು ಹೋದ.

ಮಣ್ಣು ಮಾಡಿದ ಮೂರನೇ ದಿನ, ಬೆಳಿಗ್ಗೆ ಎಂಟರ ಹೊತ್ತಿಗೆ, ಗಂಟೆಯಣ್ಣನ ಹೆಂಡತಿ ಪಾದ್ರಿಮನೆಗೆ ಬಂದಳು. ಅಕ್ಕ ತಮ್ಮ ಇಬ್ಬರೂ ಮೇಜಿನ ಎರಡು ಬದಿಗೆ ಕೂತಿದ್ದರು. ಕಾಫಿ ಮೇಲೆ ಕೆನೆ ಕಟ್ಟಿತ್ತು. ಕುಳಿತುಕೊಳ್ಳಮ್ಮ ಎಂದರೂ ಆಕೆ ಕೂರಲಿಲ್ಲ. ಗಂಡ ನಿಲ್ಲುತ್ತಿದ್ದ ಹೊಸ್ತಿಲಲ್ಲೇ ನಿಂತಳು. ಆ ನೋಟ್‌ಬುಕ್ಕು ತನಗೆ ಬೇಕು, ಗಂಡನ ಅಕ್ಷರ ಮನೆಯಲ್ಲಿ ಬೇರೆಲ್ಲೂ ಇಲ್ಲ ಎಂದಳು. ಪಾದ್ರಿ ಎದ್ದು ತಂದುಕೊಟ್ಟ. ಆಕೆಗೆ ಓದು ಬಾರದು. ಪುಟಗಳನ್ನು ಬೆರಳಿನಲ್ಲಿ ಸವರಿ ಮುಚ್ಚಿದಳು.

"ಪ್ರತಿ ವರ್ಷ ಮನೆಗೆ ಬಂದು ಹೇಳೋರು, ಯಾರು ಗೆದ್ದರು ಅಂತ," ಎಂದಳು. "ಹೇಳೋ ತನಕ ಊಟಕ್ಕೆ ಕೂರ್ತಿರಲಿಲ್ಲ." ಒಂದು ಕ್ಷಣ ಇಬ್ಬರ ಮುಖವನ್ನೂ ನೋಡಿದಳು. "ಈ ಸಲ ಯಾರು ಗೆದ್ದಿರಿ?"

ಕೊಂಕಿನ ಮಾತಲ್ಲ ಅದು. ಆಕೆಗೆ ನಿಜವಾಗಿ ತಿಳಿಯಬೇಕಿತ್ತು.

ಪಾದ್ರಿ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು. ಆಕೆ ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದಳು.